ಅಜ್ಜನ ಅರ್ಧ ಗಂಟೆ

ನವಿ ಮುಂಬಯಿಯ ಘಣಸೋಲಿಯ ನಮ್ಮ ಮನೆಯಲ್ಲಿ ಅಡುಗೆಮನೆಗೂ ಹಾಲ್‌ಗೂ ನಡುವೆ ಬಾಗಿಲು ಇರಲಿಲ್ಲ, ಬಾಗಿಲಿನ ಜಾಗದಲ್ಲಿ ಅಜ್ಜ ಇದ್ದರು. ಮಡಚುವ ಕಬ್ಬಿಣದ ಕುರ್ಚಿಯೊಂದನ್ನು ಹೊಸ್ತಿಲಿಗೆ ಅಡ್ಡವಾಗಿ ಹಾಕಿಕೊಂಡು, ಬೆಳಿಗ್ಗೆ ಹಾಲಿನ ಪ್ಯಾಕೆಟ್ ಬರುವ ಹೊತ್ತಿನಿಂದ ಸಂಜೆ ಪಾತ್ರೆ ತೊಳೆದು ಕವುಚಿಡುವ ತನಕ ಅಲ್ಲೇ ಕೂತಿರುತ್ತಿದ್ದರು. ಅಲ್ಲಿಂದ ಅವರಿಗೆ ಒಂದು ಕಡೆ ಗ್ಯಾಸ್ ಒಲೆ ಕಾಣುತ್ತಿತ್ತು, ಇನ್ನೊಂದು ಕಡೆ ಮನೆಯ ಮುಂಬಾಗಿಲು. ಅಮ್ಮ ಒಂದು ಲೋಟ ನೀರು ತರಬೇಕಾದರೂ "ಮಾವ, ಸ್ವಲ್ಪ" ಅನ್ನಬೇಕು, ಅವರು ಮೊಣಕಾಲು ಓರೆ ಮಾಡಿ ದಾರಿ ಬಿಡಬೇಕು. ಹಾಲಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ ನೋಡಿ ಆಮೇಲೆಯೇ ಒಳಗೆ ಕಳಿಸುವರು. ಯಾರಾದರೂ ಬಾಗಿಲು ಬಡಿದರೆ ನಾನು ಓಡಿಹೋಗಿ ಕಿಂಡಿಯಲ್ಲಿ ಇಣುಕಿ, ಬಂದವರು ಯಾರು, ಅವರ ಕೈಯಲ್ಲಿ ಏನಿದೆ ಎಂದು ವರದಿ ಒಪ್ಪಿಸಬೇಕು. ಚಿಲಕ ತೆಗೆಯುವುದು ಅದರ ನಂತರ. ಕೋಪರಿಯ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದ ಅಪ್ಪ ಮನೆಗೆ ಬಂದಾಗಲೂ ಇದೇ ಕ್ರಮ. ಇದು ಮನೆಯೋ ಚೆಕ್‌ಪೋಸ್ಟೋ ಎಂದು ಅವರು ನಗುತ್ತಿದ್ದರು, ಆದರೆ ಬ್ಯಾಗು ತೆರೆದು ತೋರಿಸಿಯೇ ಒಳಗೆ ಬರುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಕಾನೂನು ಹೊರಗಿನ ತಿಂಡಿಯದ್ದು. ಬೇರೆ ಕೈಯಲ್ಲಿ ತಯಾರಾದ ಏನೇ ಇರಲಿ, ಗಣಪತಿ ಹಬ್ಬಕ್ಕೆ ಎದುರು ಮನೆಯ ಮರಾಠಿ ಕಾಕು ಕಳಿಸಿದ ಮೋದಕವಿರಲಿ, ಅಪ್ಪ ತಮ್ಮದೇ ಹೋಟೆಲಿನಿಂದ ತಂದ ಪಾರ್ಸೆಲ್ಲಿರಲಿ, ಅದು ಮೊದಲು ಅಜ್ಜನ ಮಡಿಲಿಗೆ ಹೋಗಬೇಕು. ಅವರು ಒಂದು ತುತ್ತು ಮುರಿದು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿ, ಎಡಗೈಯ ಗಡಿಯಾರ ನೋಡುವರು. ಅಲ್ಲಿಂದ ಅರ್ಧ ಗಂಟೆ ಯಾರೂ ಆ ಪಾತ್ರೆಯನ್ನು ಮುಟ್ಟುವ ಹಾಗಿಲ್ಲ. ಅವರೂ ಮುಟ್ಟುತ್ತಿರಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ಎದುರಿನ ಸೆಕ್ಟರಿನಲ್ಲಿ ಏಳುತ್ತಿದ್ದ ಕಟ್ಟಡಗಳನ್ನು ನೋಡುತ್ತಾ, ಒಂದು ಮಾತೂ ಆಡದೆ ಕೂತಿರುವರು. ಮುಗಿದ ಕೂಡಲೇ "ಈಗ ತಿನ್ನಬಹುದು" ಎಂದು ಪಾತ್ರೆಯನ್ನು ನನ್ನ ಕಡೆ ದೂಡುವರು. ಬಿಸಿ ಬಟಾಟೆವಡೆ ಹೇಗಿರುತ್ತದೆಂದು ನನಗೆ ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ.

ಅಜ್ಜನ ಸೈನ್ಯದಲ್ಲಿ ನಾನೊಬ್ಬಳೇ ಸಿಪಾಯಿ. ಮಕ್ಕಳಿಗೆ ಕಾರಣ ಬೇಕಾಗುವುದಿಲ್ಲ, ಶತ್ರು ಇದ್ದರೆ ಸಾಕು. ಶಾಲೆಯಲ್ಲಿ ಗೆಳತಿಯರು ಡಬ್ಬಿ ತೆರೆದು ಥೇಪ್ಲಾ, ಪೋಹೆ ಎಂದು ಹಂಚಿಕೊಳ್ಳುವಾಗ ನಾನು ಒಂದು ಚೂರು ತೆಗೆದುಕೊಂಡು ಕಾಗದದಲ್ಲಿ ಸುತ್ತಿಟ್ಟುಕೊಂಡು ಅವರ ಮುಖಗಳನ್ನೇ ನೋಡುತ್ತಿದ್ದೆ. ನಮ್ಮ ಮಧ್ಯಂತರ ಇಪ್ಪತ್ತು ನಿಮಿಷದ್ದು, ಅಜ್ಜನ ಕಾನೂನು ಅರ್ಧ ಗಂಟೆಯದ್ದು, ಹಾಗಾಗಿ ನಾನು ಯಾರ ಡಬ್ಬಿಯಿಂದಲೂ ತಿಂದದ್ದೇ ಇಲ್ಲ. ಕೆಲವು ತಿಂಗಳಾದ ಮೇಲೆ ಅವರು ಕೊಡುವುದನ್ನು ಬಿಟ್ಟರು. ಅದೂ ನನಗೆ ಅನುಮಾನಕ್ಕೆ ಕಾರಣವಾಯಿತು. ಈಗ ಸೀವುಡ್ಸ್‌ನ ಆಫೀಸೊಂದರಲ್ಲಿ ಬೇರೆಯವರ ಕರಾರುಪತ್ರಗಳಲ್ಲಿ ಎಲ್ಲೆಲ್ಲಿ ಮೋಸಕ್ಕೆ ಜಾಗವಿದೆ ಎಂದು ಹುಡುಕುವುದೇ ನನ್ನ ಕೆಲಸ. ಅಜ್ಜ ಕಲಿಸಿದ ವಿದ್ಯೆಗೆ ತಿಂಗಳು ತಿಂಗಳು ಸಂಬಳ ಬರುತ್ತಿದೆ.

ಅಜ್ಜನ ಬಗ್ಗೆ ನಮಗೆ ಗೊತ್ತಿದ್ದದ್ದು ಇಷ್ಟೇ. ಎರಡನೆಯ ಮಹಾಯುದ್ಧದ ಕೊನೆಗೆ ಅವರು ಬ್ರಿಟಿಷರ ಸೈನ್ಯದಲ್ಲಿ ಅಡುಗೆಯವರಾಗಿದ್ದರು, ಆಮೇಲೆ ಮುಂಬಯಿಯ ಹೋಟೆಲುಗಳಲ್ಲಿ ಮುಪ್ಪಾಗುವ ತನಕ ಬೇಯಿಸಿದರು. ಯುದ್ಧದ ಬಗ್ಗೆ ಕೇಳಿದರೆ "ಎಂತ ಯುದ್ಧ, ಬೇಳೆ ಬೇಯಿಸಿದ್ದು" ಅನ್ನುತ್ತಿದ್ದರು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ ಟಿ.ವಿ.ಯಲ್ಲಿ ದಿನಾ ಇರಾಕಿನ ಯುದ್ಧ ಬರುತ್ತಿತ್ತು. ಒಂದು ದಿನ ಯುದ್ಧ ಮುಗಿದ ಹಾಗೆಯೇ ಎಂದು ಸುದ್ದಿ ಓದಿದರು. ಅಪ್ಪ ಸೋಫಾದ ಮೇಲೆ ಕಾಲು ಚಾಚಿ, ಇನ್ನು ಪೆಟ್ರೋಲು ಇಳಿಯುತ್ತದೆ ಎಂದರು. ಅಜ್ಜ ಕುರ್ಚಿಯಿಂದಲೇ ಗದರಿದರು.

"ಮುಗಿದ ಮೇಲೆಯೇ ಜಾಗ್ರತೆ ಬೇಕಾದ್ದು. ಯುದ್ಧದಲ್ಲಾದರೆ ವೈರಿ ಯಾರು ಅಂತ ಗೊತ್ತಿರ್ತದೆ. ಮುಗಿದ ಮೇಲೆ ಅದೂ ಗೊತ್ತಿರುವುದಿಲ್ಲ."

ಅದೇ ಬೇಸಿಗೆಯಲ್ಲಿ ಅಮ್ಮ ಬಸುರಿ. ಬಾಯಿಗೆ ಇಟ್ಟದ್ದೆಲ್ಲ ವಾಂತಿ. ಅಪ್ಪ ಹೋಟೆಲಿನಿಂದ ಇಡ್ಲಿ ತಂದರು, ಊರಿನಿಂದ ಅಪ್ಪೆಮಿಡಿ ಬಂತು, ಅಜ್ಜ ತಾವೇ ಎದ್ದು ಕುಚ್ಚಲಕ್ಕಿ ಗಂಜಿ ಬೇಯಿಸಿದರು. ಒಂದೂ ನಿಲ್ಲಲಿಲ್ಲ. ಕಣ್ಣು ಗುಳಿ ಬಿದ್ದು, ಗೋಡೆ ಹಿಡಿದು ನಡೆಯುವ ಹಾಗಾಯಿತು. ಹೀಗೇ ಆದರೆ ಮಗುವಿಗೆ ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದ ದಿನ ಅಮ್ಮ ಮೆಟ್ಟಿಲು ಹತ್ತಲಾರದೆ ಕೆಳಗೇ ಕೂತುಬಿಟ್ಟರು. ಮೆಟ್ಟಿಲ ಕೆಳಗಿನ ಖೋಲಿಯಲ್ಲಿ ಇದ್ದವಳು ನೀಲವ್ವ. ವಿಜಯಪುರದ ಕಡೆಯವಳು. ಗಂಡ ವಾಶಿ ಮಾರ್ಕೆಟ್ಟಿನಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ, ಅವಳು ನಮ್ಮ ಸೊಸೈಟಿಯ ಮೆಟ್ಟಿಲು ಗುಡಿಸಿ, ಗೇಟು ನೋಡಿಕೊಂಡು ಇದ್ದಳು. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಏ ಅಕ್ಕಾರ, ಬಸರಿ ಹೆಂಗಸು ಹಿಂಗ ಬರೇ ಹೊಟ್ಟಿಲೆ ತಿರಗಬಾರದ್ರಿ. ಒಂದ್ ತುತ್ತು ಬಾಯಾಗ ಹಾಕ್ಕೋರಿ, ನೋಡೂಣು."

ಬಿಸಿ ಜೋಳದ ರೊಟ್ಟಿ, ಮೇಲೆ ಗುರೆಳ್ಳು ಚಟ್ನಿ. ಕರಾವಳಿಯವರಾದ ನಮಗೆ ಗುರೆಳ್ಳೆಂದರೆ ಏನೆಂದೇ ಗೊತ್ತಿರಲಿಲ್ಲ, ಇದ್ದಿಲು ಪುಡಿಯ ಹಾಗೆ ಕಪ್ಪಗಿತ್ತು. ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತು ಒಂದೂವರೆ ರೊಟ್ಟಿ ತಿಂದರು. ಅದು ಹೊಟ್ಟೆಯಲ್ಲಿ ನಿಂತಿತು. ಮಾರನೆಯ ದಿನದಿಂದ ದಿನಾ ಮಧ್ಯಾಹ್ನ ನೀಲವ್ವನ ತಟ್ಟೆ ಮೇಲೆ ಬರತೊಡಗಿತು, ನಾನು ಬಾಗಿಲಲ್ಲಿ ಇಸಿದುಕೊಂಡು ಒಳಗೆ ತರುವುದು, ತಟ್ಟೆ ಅಜ್ಜನ ಮಡಿಲಿಗೆ ಹೋಗುವುದು. ಅವರು ಆ ಕಪ್ಪು ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, ತುತ್ತು ತಿಂದು, ಗಡಿಯಾರ ನೋಡುವರು. ಅಮ್ಮ ಚಾಪೆಯ ಮೇಲೆ ಗೋಡೆಗೊರಗಿ ರೊಟ್ಟಿ ಆರುವುದನ್ನೇ ನೋಡುತ್ತಾ ಕಾಯುವರು. ಇಡೀ ದಿನದಲ್ಲಿ ಅವರಿಗೆ ಹಸಿವಾಗುತ್ತಿದ್ದದ್ದು ಆ ಒಂದು ಹೊತ್ತು. ಜೋಳದ ರೊಟ್ಟಿ ಆರಿದರೆ ಚರ್ಮದಂತಾಗುತ್ತದೆ, ಆದರೂ ನೀರಿನಲ್ಲಿ ಅದ್ದಿ ತಿನ್ನುತ್ತಿದ್ದರು. ಮಾವನಿಗೆ ಎದುರು ಮಾತಾಡುವ ಅಭ್ಯಾಸ ಅಮ್ಮನಿಗೆ ಇರಲಿಲ್ಲ.

ಹೀಗೆ ಎರಡು ಮೂರು ವಾರ ಕಳೆದಿರಬೇಕು. ಒಂದು ದಿನ ತಟ್ಟೆ ಕೊಟ್ಟು ಹೋದ ನೀಲವ್ವ, ಮೊಸರು ಮರೆತೆನೆಂದು ಬಟ್ಟಲು ಹಿಡಿದು ಮತ್ತೆ ಬಂದಳು. ನಾನು ಕಿಂಡಿಯಲ್ಲಿ ನೋಡಿ, ವರದಿ ಕೊಡುವುದನ್ನು ಮರೆತು ಬಾಗಿಲು ತೆರೆದೆ. ಅವಳಿಗೆ ಎಲ್ಲ ಕಂಡಿತು. ಚಾಪೆಯ ಮೇಲೆ ಕಾದು ಕಾದು ನಿದ್ದೆಹೋದ ಅಮ್ಮ, ಕುರ್ಚಿಯ ಮೇಲೆ ಗಡಿಯಾರ ನೋಡುತ್ತಿರುವ ಅಜ್ಜ, ಅವರ ಮಡಿಲಲ್ಲಿ ಮೂಲೆ ಮುರಿದ ರೊಟ್ಟಿ.

"ಅಜ್ಜಾರು ಯಾಕ ತಟ್ಟಿ ಹಿಡಕೊಂಡು ಕುಂತಾರ? ಅಕ್ಕಾರಿಗೆ ಯಾಕ ಕೊಡವಲ್ಲರು?"

ಆ ವಯಸ್ಸಿನಲ್ಲಿ ನಾನು ಕಟ್ಟಡದ ಎಲ್ಲ ಮಕ್ಕಳ ಹಾಗೆ ಯಾರು ಏನು ಕೇಳಿದರೂ ಹಿಂದಿಯಲ್ಲೇ ಉತ್ತರ ಕೊಡುತ್ತಿದ್ದೆ. ನಮ್ಮ ಮನೆಯ ವ್ಯವಸ್ಥೆಯ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

"ಜೆಹರ್ ಹೈ ಕ್ಯಾ, ದೇಖ್ ರಹೇ ಹೈಂ. ಆಧಾ ಘಂಟಾ ಲಗೇಗಾ."

ವಿಷ ಇದೆಯೋ ಎಂದು ನೋಡುತ್ತಿದ್ದಾರೆ, ಅರ್ಧ ಗಂಟೆ ಬೇಕು. ಇಷ್ಟನ್ನು ನಾನು ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುವ ಹಾಗೆ ಹೇಳಿದೆ. "ನನ್ನ ರೊಟ್ಟ್ಯಾಗ?" ಎಂದಳು ನೀಲವ್ವ, ಕೇಳಿದ್ದು ನನ್ನನ್ನಲ್ಲ. ಮೊಸರಿನ ಬಟ್ಟಲನ್ನು ಕೊಡದೆ ಹಾಗೇ ಹಿಡಿದುಕೊಂಡು ಇಳಿದು ಹೋದಳು. ಮಾರನೆಯ ದಿನ ತಟ್ಟೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅಮ್ಮ ಕೆಳಗೆ ಇಳಿದು ಹೋಗಿ ಕರೆದರೆ, ಹಿಟ್ಟು ಮುಗಿದಿದೆ ಎಂದು ಒಳಗಿನಿಂದಲೇ ಹೇಳಿದಳು. ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತಂತೆ.

ನಾಲ್ಕನೆಯ ದಿನ ಅಮ್ಮನಿಗೆ ನನ್ನ ಬಾಯಿಂದಲೇ ಸಂಗತಿ ಗೊತ್ತಾಯಿತು. ಹೊಡೆಯುತ್ತಾರೆಂದು ಕಣ್ಣು ಮುಚ್ಚಿ ನಿಂತೆ, ಹೊಡೆಯಲಿಲ್ಲ. ನನ್ನನ್ನು ಆಚೆ ಸರಿಸಿ, ನೇರವಾಗಿ ಅಜ್ಜನ ಕುರ್ಚಿಯ ಎದುರು ಹೋಗಿ ನಿಂತರು. ನಮ್ಮ ಮನೆಯ ಮಾತು ತುಳು. ಅದನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ, ಅಮ್ಮನ ದನಿಯ ನಡುಕವನ್ನು ತರಲು ಆಗುವುದಿಲ್ಲ.

"ಮಾವ, ನಾಲ್ಕು ದಿನದಿಂದ ನನ್ನ ಹೊಟ್ಟೆಗೆ ಎಂತ ಹೋಗಿದೆ ಅಂತ ನಿಮಗೆ ಗೊತ್ತುಂಟಾ? ನೀಲಕ್ಕ ನನಗೆ ವಿಷ ಹಾಕ್ತಾಳಾ? ನೀವೇ ಹೇಳಿ. ಅವಳು ಮೆಟ್ಟಿಲ ಕೆಳಗೆ ಇರುವವಳು, ಅದಕ್ಕೇ ಅಲ್ಲವಾ?"

ಅಜ್ಜ ಎದ್ದು ಕುರ್ಚಿಯನ್ನು ಹೊಸ್ತಿಲಿನಿಂದ ಎಳೆದು ಹಾಲ್‌ನಲ್ಲಿಟ್ಟು, ಅಮ್ಮನಿಗೆ ಕೂತುಕೊಳ್ಳಲು ಹೇಳಿದರು. ತಾವು ನೆಲಕ್ಕೆ ಕೂತರು. ಅವರು ನೆಲದಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಯುದ್ಧ ಮುಗಿಯಿತು ಅಂತ ನಮಗೆಲ್ಲ ಸಕ್ಕರೆ ಹಂಚಿದರು. ಊರಿಗೆ ಹೋಗುವುದು ಅಂತ ಗಂಟು ಕಟ್ಟಿದೆವು. ಹಡಗು ಜಾವಾಕ್ಕೆ ಹೋಯಿತು. ಸೋತ ಜಪಾನಿನವರ ಕೋವಿ ಇಸ್ಕೊಳ್ಳುವುದು, ಅವರು ಕ್ಯಾಂಪಿನಲ್ಲಿ ಕೂಡಿಹಾಕಿದ್ದ ಡಚ್ಚರನ್ನು ಬಿಡಿಸುವುದು, ಅಷ್ಟೇ ಕೆಲಸ ಅಂದಿದ್ದರು. ಹೋಗಿ ನೋಡಿದರೆ ಊರಿನವರು, ನಾವು ಸ್ವತಂತ್ರ ಆಗಿದ್ದೇವೆ, ಡಚ್ಚರು ಇನ್ನು ಬೇಡ ಅಂತ ನಿಂತಿದ್ದಾರೆ. ಡಚ್ಚರಿಗೆ ತಾವು ಮೊದಲು ಆಳುತ್ತಿದ್ದ ಊರು ವಾಪಸ್ ಬೇಕು. ನಮ್ಮ ಸಾಹೇಬರಿಗೆ ಎರಡೂ ಕಡೆ ಮಾತು. ನಿನ್ನೆವರೆಗೆ ನಮ್ಮನ್ನು ಕೊಂದ ಜಪಾನಿನವನ ಕೈಗೇ ಕೋವಿ ವಾಪಸ್ ಕೊಟ್ಟು ನಮ್ಮ ಪಕ್ಕದಲ್ಲಿ ಕಾವಲಿಗೆ ನಿಲ್ಲಿಸಿದರು. ಊರಿನ ಹುಡುಗರು ಗೋಡೆ ಮೇಲೆ ಬರೆದಿದ್ದರು, ನೀವೂ ನಮ್ಮ ಹಾಗೆಯೇ, ನಮ್ಮ ಮೇಲೆ ಗುಂಡು ಹಾಕಬೇಡಿ ಅಂತ. ನಮ್ಮವರು ಕೆಲವರು ಕೋವಿ ಸಮೇತ ಅವರ ಕಡೆ ಹೋದರು. ಹಾಗಾಗಿ ಸಾಹೇಬರಿಗೆ ನಮ್ಮ ಮೇಲೂ ಸಂಶಯ. ಬಂಗಲೆ ಒಳಗೆ ದಿನಾ ಮಾತುಕತೆ, ಹೊರಗೆ ದಿನಾ ಮರಳಿನ ಚೀಲ ಪೇರಿಸುವುದು."

ಅಷ್ಟು ಹೇಳಿ ನಿಲ್ಲಿಸಿ ನೀರು ಕೇಳಿದರು. ನಾನು ತಂದುಕೊಟ್ಟೆ. ಮುಂದಿನದನ್ನು ಅವರು ಅಮ್ಮನ ಮುಖ ನೋಡದೆ ಹೇಳಿದರು.

"ಅಡುಗೆ ಡೇರೆಗೆ ಒಬ್ಬಳು ಹೆಂಗಸು ತೆಂಗಿನಕಾಯಿ, ಸೊಪ್ಪು ತರ್ತಿದ್ದಳು. ನಮಗೆ ಮಾರಬಾರದು ಅಂತ ಅವಳ ಊರಿನ ಹುಡುಗರೇ ಅವಳನ್ನು ಹೆದರಿಸಿದ್ದರು, ಆದರೂ ಬರ್ತಿದ್ದಳು. ಅವಳಿಗೆ ಉಪ್ಪು ಸಿಗ್ತಿರಲಿಲ್ಲ. ನಾನು ಒಂದು ಮುಷ್ಟಿ ಉಪ್ಪು ಕೊಡ್ತಿದ್ದೆ. ಅದಕ್ಕೆ ಅವಳು ನನಗೆ ಅಂತ ತೆಂಗಿನ ಹಾಲಿನ ಅನ್ನವನ್ನು ಬಾಳೆಲೆಯಲ್ಲಿ ಕಟ್ಟಿ ತರ್ತಿದ್ದಳು. ಇಪ್ಪತ್ತು ದಿನ ತಿಂದಿದ್ದೇನೆ. ನಮ್ಮ ಊರಿನ ಅನ್ನದ್ದೇ ಪರಿಮಳ. ಒಂದು ದಿನ ನಮ್ಮ ಮೂರು ಜನ ಸಿಪಾಯಿಗಳಿಗೆ ವಾಂತಿ ಶುರುವಾಯಿತು. ವಿಷ ಹಾಕಿದ್ದಾರೆ ಅಂತ ಗುಲ್ಲು. ಮರುದಿನ ಬೆಳಿಗ್ಗೆ ಅವಳು ಏನೂ ಗೊತ್ತಿಲ್ಲದೆ ಎಲೆಕಟ್ಟು ಹಿಡಿದುಕೊಂಡು ಬಂದಳು. ಹವಾಲ್ದಾರ ಅವಳನ್ನು ಹಿಡಿದ. ಇವಳು ಅಂಥವಳಲ್ಲ ಅಂದೆ. ಹಾಗಾದರೆ ನೀನು ತಿಂದು ತೋರಿಸು ಅಂದ. ಅವಳಿಗೆ ಅರ್ಥ ಆಯಿತು ಕಾಣ್ತದೆ. ಕಟ್ಟು ಬಿಚ್ಚಿ ತಾನೇ ಒಂದು ತುತ್ತು ತಿಂದಳು. ಇವರು ದೇಶಕ್ಕೆ ಅಂತ ಸಾಯಲೂ ರೆಡಿ, ಅವಳು ತಿಂದದ್ದು ಲೆಕ್ಕಕ್ಕಿಲ್ಲ, ನೀನು ತಿನ್ನು ಅಂದ ಹವಾಲ್ದಾರ. ಎಲ್ಲರೂ ನನ್ನನ್ನೇ ನೋಡಿದರು. ಅವಳೂ ನೋಡಿದಳು."

"ನೀವು ತಿಂದಿರಾ?" ಅಮ್ಮ ಕೇಳಿದರು.

"ಹೊಟ್ಟೆ ಸರಿ ಇಲ್ಲ ಅಂದೆ."

ಅವಳನ್ನು ಎಳೆದುಕೊಂಡು ಹೋದರಂತೆ. ಎಲ್ಲಿಗೆ, ಏನು ಮಾಡಿದರು ಎಂದು ಅಜ್ಜನಿಗೆ ಕೊನೆಗೂ ಗೊತ್ತಾಗಲಿಲ್ಲ. ಎಲೆಕಟ್ಟು ಗೇಟಿನ ಹತ್ತಿರ ನೆಲಕ್ಕೆ ಬಿದ್ದಿತ್ತು. ಅದಕ್ಕೆ ಇರುವೆ ಮುತ್ತಿದವು. ಅಜ್ಜ ಅರ್ಧ ಗಂಟೆ ಅಲ್ಲೇ ನಿಂತು ಆ ಇರುವೆಗಳನ್ನು ನೋಡಿದರಂತೆ. ಒಂದೂ ಸಾಯಲಿಲ್ಲ. ವಾಂತಿಯಾದದ್ದು ಕೆಟ್ಟುಹೋದ ಡಬ್ಬಿ ಮೀನಿನಿಂದ ಎಂದು ಎರಡು ದಿನದ ಮೇಲೆ ಡಾಕ್ಟರು ಹೇಳಿದ್ದಂತೆ.

"ಸಂಶಯ ನೀಲವ್ವನ ಮೇಲೆ ಅಂತಲ್ಲ," ಎಂದರು ಅಜ್ಜ. "ನನಗೆ ಎಲ್ಲರ ಮೇಲೂ ಸಂಶಯ. ಅದು ಅಲ್ಲಿಂದ ಹತ್ತಿದ್ದು, ಹೋಗಲಿಲ್ಲ. ಏನು ಮಾಡುವುದು? ಅದಕ್ಕೇ ಯಾರು ಏನು ತಂದರೂ ಮೊದಲು ನಾನು ತಿನ್ನುವುದು. ಆವತ್ತು ತಿನ್ನಲಿಲ್ಲವಲ್ಲ."

ಅಜ್ಜನ ಮೇಲೆ ನನಗೆ ಅಷ್ಟು ಪ್ರೀತಿ ಮತ್ತು ಅಷ್ಟು ಸಿಟ್ಟು ಒಟ್ಟಿಗೇ ಬಂದದ್ದು ಆ ಹೊತ್ತಿಗೆ. ನಾನು ಶಾಲೆಯಲ್ಲಿ ಕಳೆದುಕೊಂಡ ಗೆಳತಿಯರೆಲ್ಲ ಜಾವಾದ ಇರುವೆಗಳ ಲೆಕ್ಕಕ್ಕೆ ಹೋಗಿದ್ದರು. ಅಮ್ಮ ಮಾತ್ರ ಕರಗಲಿಲ್ಲ, ಅಥವಾ ಕರಗಿದ್ದನ್ನು ತೋರಿಸಲಿಲ್ಲ.

"ಇದೆಲ್ಲ ನೀಲಕ್ಕನಿಗೆ ಗೊತ್ತುಂಟಾ ಮಾವ? ಅವಳಿಗೆ ಕಂಡದ್ದು ನಿಮ್ಮ ಗಡಿಯಾರ."

ಅಜ್ಜ ಗೋಡೆ ಹಿಡಿದು ಎದ್ದರು. ನನ್ನ ಹೆಗಲಿಗೆ ಕೈಯಿಟ್ಟು, ಒಂದೊಂದೇ ಮೆಟ್ಟಿಲು ಇಳಿದು ಕೆಳಗೆ ಬಂದರು. ನೀಲವ್ವ ಸ್ಟವ್ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ನೋಡಿಯೂ ನೋಡದ ಹಾಗೆ ಬಡಿಯುತ್ತಲೇ ಇದ್ದಳು. ಅಜ್ಜ ಅವಳ ಹೊಸ್ತಿಲ ಹೊರಗೆ ನೆಲದ ಮೇಲೆ ಕೂತರು.

"ತಂಗೀ, ಒಂದು ರೊಟ್ಟಿ ಕೊಡು."

"ಗಡಿಯಾರ ತಂದೀರಿಲ್ಲೋ, ಅಜ್ಜಾರ?"

ಜಾವಾದ ಕತೆ ಅಜ್ಜನ ಬಾಯಿಗೆ ಬರಲಿಲ್ಲ, ತಪ್ಪಾಯಿತು ಎಂಬ ಒಂದೇ ಮಾತು ಬಂತು. ನೀಲವ್ವ ಹಂಚಿನಿಂದ ರೊಟ್ಟಿ ತೆಗೆದು, ಮೇಲೆ ಗುರೆಳ್ಳು ಚಟ್ನಿ ಹಾಕಿ ತಟ್ಟೆ ಮುಂದೆ ಚಾಚಿದಳು. ಅಜ್ಜ ಕೈ ನೀಡಿದರು. ಅವಳು ಅವರಿಗೆ ಕೊಡಲಿಲ್ಲ.

"ನೀವಲ್ರಿ. ಮೊದಲ ಈ ಹುಡುಗಿ ತಿನ್ನಲಿ. ಜೆಹರ್ ಅಂದಾಕಿ ಆಕಿ."

ತಟ್ಟೆ ನನ್ನ ಕೈಗೆ ಬಂತು. ರೊಟ್ಟಿಯ ಬಿಸಿ ತಳದಿಂದ ಬೆರಳಿಗೆ ಹತ್ತುತ್ತಿತ್ತು. ನಾನು ತಿಂದೆ. ತಿಂದೆ ನಿಜ, ಆದರೆ ಮುರಿದ ತುಂಡನ್ನು ಬಾಯಿಗೆ ಒಯ್ಯುವ ಮುಂಚೆ ಒಮ್ಮೆ ಅಜ್ಜನ ಮುಖ ನೋಡಿದೆ. ಅಷ್ಟೇ, ಕಣ್ಣು ಮಿಟುಕಿಸುವಷ್ಟು ಹೊತ್ತು. ನೀಲವ್ವ ಅದನ್ನು ನೋಡಿದಳು. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ತಪ್ಪುಗಳ ಪಟ್ಟಿ ಸಣ್ಣದೇನಲ್ಲ, ಆದರೆ ನೆನೆದರೆ ಈಗಲೂ ಮುಖ ಬಿಸಿಯಾಗುವುದು ಆ ಒಂದು ನೋಟಕ್ಕೆ.

ಮಾರನೆಯ ದಿನದಿಂದ ತಟ್ಟೆ ಮತ್ತೆ ಬಂತು, ಆದರೆ ಬೇರೆ ರೀತಿಯಲ್ಲಿ. ನೀಲವ್ವ ತಾನೇ ಮೇಲೆ ಬಂದು ಬಾಗಿಲಲ್ಲಿ ನಿಲ್ಲುವಳು. ರೊಟ್ಟಿಯ ಮೂಲೆ ಮುರಿದು, ಚಟ್ನಿಯಲ್ಲಿ ಅದ್ದಿ, ನಮ್ಮೆಲ್ಲರ ಎದುರು ತಾನು ತಿನ್ನುವಳು. ನುಂಗಿ, ಬಾಯಿ ಒರೆಸಿಕೊಂಡು, ಆಮೇಲೆ ತಟ್ಟೆ ಕೊಡುವಳು. ಅಮ್ಮ ಬೇಡವೆಂದು ಬೇಡಿಕೊಂಡರು, ಒಂದು ದಿನ ಅತ್ತೂ ಬಿಟ್ಟರು.

"ಇರ್ಲಿ ಬಿಡ್ರಿ ಅಕ್ಕಾರ. ಕೂಸಿನ ಹೊಟ್ಟಿಗೆ ಬಿಸೀದು ಹೋಗಲಿ."

ಜಾವಾದ ಹೆಂಗಸು ಮಾಡಿದ್ದೂ ಅದನ್ನೇ ಎಂದು ಅವಳಿಗೆ ಗೊತ್ತಿರಲಿಲ್ಲ. ಅಜ್ಜನಿಗೆ ಗೊತ್ತಿತ್ತು. ಅವಳ ಹೆಜ್ಜೆ ಸದ್ದು ಮೆಟ್ಟಿಲ ಮೇಲೆ ಕೇಳಿದ ಕೂಡಲೇ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ನಿಲ್ಲುತ್ತಿದ್ದರು. ಕುರ್ಚಿ ಹೊಸ್ತಿಲಿಗೆ ವಾಪಸ್ ಹೋಗಲೇ ಇಲ್ಲ. ಅಮ್ಮ ಬಿಸಿ ರೊಟ್ಟಿ ತಿಂದರು, ಮೈ ಹಿಡಿಯಿತು, ಡಾಕ್ಟರು ಸಮಾಧಾನದ ಮಾತು ಹೇಳಿದರು. ಮನೆಯಲ್ಲಿ ಎಲ್ಲ ಸರಿಯಾಯಿತು ಎಂದು ಅಪ್ಪ ಅಂದುಕೊಂಡಿದ್ದರು. ನನಗೆ ಹಾಗನ್ನಿಸುತ್ತಿರಲಿಲ್ಲ. ಇವಳು ಹೀಗೇ ಎಷ್ಟು ದಿನ ತಿಂದು ತೋರಿಸುತ್ತಾಳೆ, ಇದು ನಮ್ಮ ಮೇಲಿನ ಮಮತೆಯೋ ನಮಗೆ ಕೊಡುತ್ತಿರುವ ಶಿಕ್ಷೆಯೋ ಎಂದು ನಾನು ಅವಳನ್ನೇ ಗಮನಿಸುತ್ತಿದ್ದೆ. ಎರಡೂ ಇದ್ದಿರಬೇಕು.

ತಮ್ಮ ಹುಟ್ಟಿದ. ತೊಟ್ಟಿಲಿಗೆ ಹಾಕುವ ದಿನ ಅಪ್ಪ ಹೋಟೆಲಿನಿಂದ ಊಟ ತರಿಸುವುದೆಂದು ಗೊತ್ತು ಮಾಡಿದ್ದರು. ಅಜ್ಜ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹಳೇ ಘಣಸೋಲಿ ಊರಿನೊಳಗೆ ಹೋಗಿ, ಒಂದು ಮನೆಯ ಹಿತ್ತಲಿನಿಂದ ಬಾಳೆಲೆ ಕೇಳಿ ತಂದರು. ತೆಂಗಿನಕಾಯಿ ತಾವೇ ತುರಿದು ಹಿಂಡಿ, ಆ ಹಾಲಿನಲ್ಲಿ ಅನ್ನ ಬೇಯಿಸಿದರು. ಯಾರನ್ನೂ ಅಡುಗೆಮನೆಗೆ ಬಿಡಲಿಲ್ಲ. ಎಲೆಯಲ್ಲಿ ಕಟ್ಟಿದ್ದು ಒಂದೇ ಒಂದು ಕಟ್ಟು. ನೀಲವ್ವ ಮಗುವನ್ನು ನೋಡಲು ಬಂದಾಗ ಅಮ್ಮ ಅವಳನ್ನು ಚಾಪೆಯ ಮೇಲೆ ಕೂರಿಸಿ ತಮ್ಮನನ್ನು ಮಡಿಲಿಗೆ ಹಾಕಿದರು. ಅಜ್ಜ ಬಂದು ಎಲೆಕಟ್ಟನ್ನು ಅವಳ ಮುಂದಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಅದು ಏನೆಂದು ಹೇಳಲಿಲ್ಲ. ತಾವು ಮೊದಲು ತಿಂದು ತೋರಿಸುತ್ತಾರೇನೋ ಎಂದು ನಾನು ಕಾದೆ. ಅವರು ಹಾಗೆ ಮಾಡಲಿಲ್ಲ, ಕೈ ಕಟ್ಟಿಕೊಂಡು ನಿಂತೇ ಇದ್ದರು.

ನೀಲವ್ವ ಎಡಗೈಯಲ್ಲಿ ಮಗುವಿನ ತಲೆ ಆನಿಸಿಕೊಂಡು, ಬಲಗೈಯಲ್ಲಿ ಎಲೆ ಬಿಚ್ಚಿದಳು. ಇದೇನು ಎಂದು ಕೇಳಲಿಲ್ಲ. ಮೂಸಲಿಲ್ಲ. ಯಾರ ಮುಖವನ್ನೂ ನೋಡಲಿಲ್ಲ. ದೊಡ್ಡದೊಂದು ತುತ್ತು ತೆಗೆದು ಬಾಯಿಗಿಟ್ಟು, ಮಗುವಿನ ಮೂಗನ್ನೇ ನೋಡುತ್ತಾ ಅಗಿದಳು. ನನ್ನ ಪಕ್ಕದಲ್ಲಿ ಅಜ್ಜನ ಉಸಿರು ಏರಿಳಿಯುವುದು ಕೇಳುತ್ತಿತ್ತು.

"ಛಲೋ ಆಗೇತ್ರಿ ಅಜ್ಜಾರ," ಎಂದಳು. "ಉಪ್ಪು ಒಂಚೂರು ಕಮ್ಮಿ."

ಅಜ್ಜ ಒಳಗೆ ಹೋದರು. ಚಮಚದಲ್ಲಿ ತರುತ್ತಾರೆಂದುಕೊಂಡೆವು. ಉಪ್ಪಿನ ಡಬ್ಬಿಯನ್ನೇ ಎರಡೂ ಕೈಯಲ್ಲಿ ಹಿಡಿದು ತಂದು ಅವಳ ಮುಂದಿಟ್ಟರು.